ಮೊಮ್ಮಗಳು ಬರಲ್ಲ ಅಂದರೆ ಸೀವರ್ಲ್ಡ್‌ಗೆ ಹೋಗೋದಾ, ಬೇಡವಾ?

ಓದುಗರ ಪತ್ರ: ನಾವು ಹಾಸನದವರು. ಈಗ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮಗನ ಮನೆಯಲ್ಲಿದ್ದೇವೆ. ಜೂನ್‌ನಲ್ಲಿ ಎಲ್ಲರೂ ಸ್ಯಾನ್ ಡಿಯೇಗೋದ ಕಡಲಪ್ರಾಣಿಗಳ ಪಾರ್ಕು ಸೀವರ್ಲ್ಡ್‌ಗೆ ಹೋಗಿಬರೋಣ ಅಂತ ಮಾತಾಗಿದೆ. 6 ವರ್ಷದ ಮೊಮ್ಮಗ ‘ಕಪ್ಪು ಬಿಳಿ ದೊಡ್ಡ ಮೀನು’ ನೋಡಲೇಬೇಕು ಅಂತಾನೆ. 14 ವರ್ಷದ ಮೊಮ್ಮಗಳು, ಪ್ರಾಣಿಗಳನ್ನು ಕೂಡಿಹಾಕಿರುವ ಜಾಗಕ್ಕೆ ನಾನು ಕಾಲಿಡಲ್ಲ ಅಂತಾಳೆ. ನಮ್ಮ ಯಜಮಾನರಿಗೆ ಮಂಡಿನೋವು. ಏನು ಮಾಡೋಣ?

ಸಂಪಾದಕರ ಉತ್ತರ: ಅಮ್ಮಾ, ಮೊದಲು ಒಂದು ಮಾತು. ಮೊಮ್ಮಗಳನ್ನು ಬೈಯಬೇಡಿ. ‘ಇಷ್ಟು ದುಡ್ಡು ಕೊಟ್ಟು ಕರ್ಕೊಂಡು ಹೋಗ್ತೀವಿ, ಸುಮ್ನೆ ಬಾ’ ಅನ್ನೋದಂತೂ ಬೇಡವೇ ಬೇಡ. ಅವಳು ಹೇಳುತ್ತಿರುವುದರಲ್ಲಿ ನ್ಯಾಯ ಇದೆ. ಮೊಮ್ಮಗನ ದೊಡ್ಡ ಮೀನು ಮೀನಲ್ಲ, ಡಾಲ್ಫಿನ್ ಜಾತಿಯ ಓರ್ಕಾ. ಕಡಲಿನಲ್ಲಿ ದಿನಕ್ಕೆ 100 ಕಿಲೋಮೀಟರಿಗೂ ಜಾಸ್ತಿ ಈಜಬಲ್ಲ ಪ್ರಾಣಿ. ತೊಟ್ಟಿಯಲ್ಲಿ ಬೆಳೆದ ಗಂಡು ಓರ್ಕಾದ ಬೆನ್ನ ಮೇಲಿನ ರೆಕ್ಕೆಯನ್ನು ಗಮನಿಸಿ. ನೆಟ್ಟಗೆ ನಿಲ್ಲಬೇಕಾದದ್ದು ಒಂದು ಪಕ್ಕಕ್ಕೆ ಬಾಗಿ ಬಿದ್ದಿರುತ್ತದೆ. ಕಡಲಿನ ಓರ್ಕಾಗಳಲ್ಲಿ ಹಾಗಾಗುವುದು ಬಹಳ ಅಪರೂಪ.

ಇದೆಲ್ಲ ಹುಡುಗಿಯೊಬ್ಬಳ ಹಟ ಅಂತ ತಿಳಿಯಬೇಡಿ. ಓರ್ಕಾ ಮರಿ ಮಾಡಿಸುವುದನ್ನು ನಿಲ್ಲಿಸುತ್ತೇವೆ ಅಂತ 2016ರ ಮಾರ್ಚ್‌ನಲ್ಲಿ ಸೀವರ್ಲ್ಡ್ ಕಂಪನಿಯೇ ಹೇಳಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ನಿಷೇಧಿಸುವ ಕಾನೂನೂ ಬಂತು. ಸಂಗೀತ ಹಾಕಿ ಕುಣಿಸುವ ಹಳೇ ಶೋ ಸ್ಯಾನ್ ಡಿಯೇಗೋದಲ್ಲಿ 2017ರ ಜನವರಿಗೆ ಮುಗಿಯಿತು. ಈಗ ಇರುವುದು ಓರ್ಕಾಗಳ ಬಗ್ಗೆ ತಿಳಿಸಿಕೊಡುವ ಕಾರ್ಯಕ್ರಮ. ನಮ್ಮ ದೇಶದಲ್ಲಂತೂ ಡಾಲ್ಫಿನ್ ಶೋ ಪಾರ್ಕುಗಳಿಗೆ ಅನುಮತಿ ಇಲ್ಲ ಅಂತ ಸರ್ಕಾರ 2013ರಲ್ಲೇ ಹೇಳಿದೆ. ನಮ್ಮವರು ಕಾರವಾರದಲ್ಲಿ ಬೋಟ್ ಹತ್ತಿ ಕಡಲಲ್ಲೇ ಡಾಲ್ಫಿನ್ ನೋಡುತ್ತಾರಲ್ಲ, ಅದು ನನಗೆ ಹೆಚ್ಚು ಇಷ್ಟ.

ಹಾಗಂತ ಹೋಗಬೇಡಿ ಅನ್ನುವುದಿಲ್ಲ. 6 ವರ್ಷದ ಹುಡುಗನ ಆಸೆಯೂ ಸುಳ್ಳಲ್ಲ ಅಲ್ವಾ? ದಿನದ ಕ್ರಮವನ್ನು ಸ್ವಲ್ಪ ಬದಲಾಯಿಸಿ, ಅಷ್ಟೆ.

ಬೆಳಗ್ಗೆ ಬೇಗ ಹೊರಟು ಮೊದಲು ಸ್ಯಾನ್ ಡಿಯೇಗೋದ ಕಡಲತೀರ ಲ ಹೋಯಾ ಕೋವ್‌ಗೆ ಹೋಗಿ. ಐ-5 ಹೆದ್ದಾರಿಯಲ್ಲಿ ಸುಮಾರು ಒಂದೂವರೆ ಗಂಟೆ. ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಅಲ್ಲಿ ಬಂಡೆಗಳ ಮೇಲೆ ಕಡಲಸಿಂಹಗಳು, ಅಂದರೆ ಸೀ ಲಯನ್‌ಗಳು ಗುಂಪುಗುಂಪಾಗಿ ಬಿದ್ದುಕೊಂಡಿರುತ್ತವೆ. ಟಿಕೆಟ್ ಇಲ್ಲ, ಬೇಲಿ ಇಲ್ಲ, ಯಾರೂ ಅವಕ್ಕೆ ಆಟ ಕಲಿಸಿಲ್ಲ. ಒಂದರ ಮೇಲೊಂದು ಹತ್ತುತ್ತವೆ, ಜಾಗಕ್ಕೆ ಜಗಳ ಆಡುತ್ತವೆ, ಕೂಗಾಟವೋ ಕೂಗಾಟ. ಮೂಗು ಮಾತ್ರ ಮುಚ್ಚಿಕೊಳ್ಳಿ. ಆ ನಾತ ತಡೆಯಲಾರದೆ ಅಕ್ಕಪಕ್ಕದ ವ್ಯಾಪಾರಸ್ಥರು 2013ರಲ್ಲಿ ಊರಿನ ಆಡಳಿತದ ಮೇಲೆ ಕೋರ್ಟಿಗೇ ಹೋಗಿದ್ದರು! ಪಕ್ಕದಲ್ಲೇ ಚಿಲ್ಡ್ರನ್ಸ್ ಪೂಲ್ ಅನ್ನುವ ಪುಟ್ಟ ಬೀಚಿನಲ್ಲಿ ಸೀಲ್‌ಗಳು ಇರುತ್ತವೆ. ಎರಡಕ್ಕೂ ವ್ಯತ್ಯಾಸ ಏನು ಅಂತ ಹುಡುಗನಿಗೇ ಕಂಡುಹಿಡಿಯಲು ಬಿಡಿ. ಸೀ ಲಯನ್‌ಗೆ ಕಿರುಬೆರಳ ತುದಿಯಷ್ಟು ಕಿವಿ ಹೊರಗೆ ಕಾಣುತ್ತದೆ, ಸೀಲ್‌ಗೆ ಬರೀ ತೂತು. ತೀರಾ ಹತ್ತಿರ ಹೋಗಬೇಡಿ, ಕಚ್ಚುತ್ತವೆ.

ಇಷ್ಟಕ್ಕಂತೂ ಮೊಮ್ಮಗಳು ಬಂದೇ ಬರುತ್ತಾಳೆ. ಇಲ್ಲಿಂದ ಸೀವರ್ಲ್ಡ್ ಕಾರಿನಲ್ಲಿ 20 ನಿಮಿಷ. ಆಗಲೂ ಅವಳು ಒಪ್ಪದಿದ್ದರೆ ಅವಳೂ ಅವಳಮ್ಮನೂ ಪಾರ್ಕಿನ ಪಕ್ಕದ ಮಿಷನ್ ಬೇ ಕೊಲ್ಲಿಯ ದಂಡೆಯಲ್ಲಿ ಹಾಯಾಗಿರಲಿ. ಒಪ್ಪಿದರೆ, ಓರ್ಕಾ ಕಾರ್ಯಕ್ರಮದ ಹೊತ್ತಿಗೆ ತಮ್ಮನು ಅಜ್ಜನ ಜೊತೆ ಹೋಗಲಿ, ಅಕ್ಕ ಆಮೆಗಳ ಕಡೆ ಹೋಗಲಿ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅಂತೇನಿಲ್ಲ.

ಅವಳಿಗೆ ಜೆ.ಜೆ. ಕಥೆಯನ್ನೂ ಹೇಳಿ. 1997ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹತ್ತಿರ ದಡಕ್ಕೆ ಬಂದು ಸಾಯುತ್ತಿದ್ದ ಬೂದು ತಿಮಿಂಗಿಲದ ಮರಿ ಅದು. ಇದೇ ಪಾರ್ಕಿನಲ್ಲಿ ಸಾಕಿ, ಮರುವರ್ಷ ಮಾರ್ಚ್‌ನಲ್ಲಿ ಕಡಲಿಗೆ ಬಿಟ್ಟರು. ಅಷ್ಟರಲ್ಲಿ ಅದರ ತೂಕ 8 ಟನ್ ದಾಟಿತ್ತು. ಇದರಿಂದ ಓರ್ಕಾ ಪ್ರಶ್ನೆ ಮುಗಿಯುವುದಿಲ್ಲ. ಆದರೂ ಒಂದೇ ಜಾಗದಲ್ಲಿ ಕೂಡಿಹಾಕುವುದು, ಕಾಪಾಡುವುದು ಎರಡೂ ನಡೆದಿದೆ ಅನ್ನೋದು 14 ವರ್ಷದವಳಿಗೆ ಅರ್ಥವಾಗುತ್ತದೆ.

ಇನ್ನು ನಿಮ್ಮ ಯಜಮಾನರು. ಗೇಟಿನ ಹತ್ತಿರವೇ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ. ‘ನನಗ್ಯಾಕೆ ಅದು, ನಾನೇನು ಮುದುಕನಾ’ ಅಂತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ನಡಿಗೆ ಬಹಳ ಇದೆ. ಶೋಗಳಲ್ಲಿ ಎರಡನ್ನು ಮಾತ್ರ ಆರಿಸಿಕೊಂಡು ಕಾಲು ಗಂಟೆ ಮೊದಲೇ ಹೋಗಿ ಕೂತರೆ ಅವರಿಗೂ ವಿಶ್ರಾಂತಿ. ಮುಂದಿನ ಸಾಲುಗಳು ಬೇಡ, ಮೈಮೇಲೆ ಬಕೆಟ್‌ಗಟ್ಟಲೆ ತಣ್ಣನೆ ಉಪ್ಪುನೀರು ಬೀಳುತ್ತದೆ. ಮೊಮ್ಮಗ ಅಲ್ಲೇ ಕೂರಬೇಕು ಅಂದರೆ ಅವನಪ್ಪ ಜೊತೆಗಿರಲಿ, ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ.

ಮಾಂಟಾ ರೋಲರ್ ಕೋಸ್ಟರ್‌ಗೆ 48 ಇಂಚು ಎತ್ತರ ಇರಬೇಕು, ಇನ್ನೊಂದು ಕೋಸ್ಟರ್ ಎಲೆಕ್ಟ್ರಿಕ್ ಈಲ್‌ಗೆ 54. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಬಿಡಿ. ಕ್ಯೂನಲ್ಲಿ ನಿಂತು ವಾಪಸ್ ಬಂದರೆ ಆ ಅಳು ಸಂಜೆವರೆಗೂ ನಿಲ್ಲುವುದಿಲ್ಲ.

ಜೂನ್ ಅಂದಿದ್ದೀರಿ. ಆ ತಿಂಗಳು ಕರಾವಳಿಯಲ್ಲಿ ಮಧ್ಯಾಹ್ನದವರೆಗೂ ಮೋಡ, ಚಳಿ. ಎಲ್ಲರಿಗೂ ಸ್ವೆಟರ್ ಇರಲಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ. ಆದರೆ ಇಂಥ ಪಾರ್ಕುಗಳಲ್ಲಿ ಹೊರಗಿನ ಊಟಕ್ಕೆ ನಿರ್ಬಂಧ ಇರುತ್ತದೆ, ಲ ಹೋಯಾದಿಂದ ಬರುವಾಗ ಮಿಷನ್ ಬೇ ಹುಲ್ಲಿನ ಮೇಲೆ ಕೂತು ತಿಂದು ಒಳಗೆ ಹೋಗಿ. ಶನಿವಾರ, ಭಾನುವಾರ ಬೇಡ. ಟಿಕೆಟ್ ಗೇಟಿನಲ್ಲಿ ಕೊಳ್ಳಬೇಡಿ, ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ಮೊಮ್ಮಗಳ ಟಿಕೆಟ್ ಮಾತ್ರ ಅವಳನ್ನು ಕೇಳಿಯೇ ತೆಗೆಯಿರಿ.