ದುಂಡು ಕೊಟ್ಟಿಗೆ ಕಟ್ಟಿದ್ದು ದೆವ್ವಕ್ಕೆ ಹೆದರಿನಾ?

ಪ್ರಶ್ನೆ: ಸರ್, ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋದಾಗ ಓಕ್ಲಹೋಮದ ಆರ್ಕೇಡಿಯಾದಲ್ಲಿ ಕೆಂಪು ಬಣ್ಣದ ದುಂಡನೆ ಕೊಟ್ಟಿಗೆ ನೋಡಿದ್ವಿ. ಮೂಲೆ ಇದ್ರೆ ದೆವ್ವ ಅಡಗಿ ಕೂರತ್ತೆ ಅಂತ ಹಿಂಗ್ ಕಟ್ತಿದ್ರಂತೆ, ಹೌದಾ?

ಉತ್ತರ: ಕತೆ ಮಜವಾಗಿದೆ, ಆದ್ರೆ ಅಸಲಿ ಕಾರಣ ಮೇವು ಹೊರೋ ಕೆಲಸ ನೋಡಿ. ಮ್ಯಾಸಚೂಸೆಟ್ಸ್‌ನ ಹ್ಯಾಂಕಾಕ್‌ನಲ್ಲಿ ಶೇಕರ್ ಅನ್ನೋ ಕ್ರೈಸ್ತ ಪಂಥದೋರು 1826ರಲ್ಲಿ ಕಲ್ಲಲ್ಲಿ ಒಂದು ದುಂಡು ಕೊಟ್ಟಿಗೆ ಕಟ್ಟಿದ್ರು, ಹುಲ್ಲಿನ ಗಾಡಿ ಸೀದಾ ಮೇಲಿನ ಅಂತಸ್ತಿಗೇ ಬಂದು, ಒಂದು ಸುತ್ತು ಹಾಕ್ತಾ ಹುಲ್ಲನ್ನ ನಡುವಿಗೆ ತಳ್ಳಿ ಅದೇ ಬಾಗಿಲಲ್ಲಿ ಆಚೆ ಹೋಗ್ತಿತ್ತು, ಗಾಡಿ ರಿವರ್ಸ್ ಮಾಡೋ ತಾಪತ್ರಯಾನೇ ಇಲ್ಲ. ಕೆಳಗೆ ಹಸುಗಳೆಲ್ಲ ನಡುವಿಗೆ ಮುಖ ಮಾಡಿ ನಿಂತಿರ್ತಿದ್ವು. ಅದಕ್ಕೂ ಮುಂಚೆ, 1790ರ ದಶಕದಲ್ಲಿ, ಜಾರ್ಜ್ ವಾಷಿಂಗ್ಟನ್ 16 ಮೂಲೆದು ಕಟ್ಟಿಸಿದ್ದ, ಅದು ಹಸುಗಲ್ಲ, ಗೋಧಿ ತುಳಿಸೋಕೆ. ಮೇಲಿನ ಅಂತಸ್ತಲ್ಲಿ ಕುದುರೆಗಳು ಗೋಧಿ ತುಳೀತಾ ಸುತ್ತೋವು, ಹಲಗೆ ಸಂದಿಯಿಂದ ಕಾಳು ಕೆಳಗೆ ಉದುರೋದು. ನಮ್ಮ ಕಣಾನೇ, ಮಳೆ ಮಣ್ಣಿನ ಕಾಟ ಇಲ್ಲ ಅಷ್ಟೆ.

1889ರಲ್ಲಿ ವಿಸ್ಕಾನ್ಸಿನ್‌ನ ಪ್ರೊಫೆಸರ್ ಫ್ರಾಂಕ್ಲಿನ್ ಕಿಂಗ್ ಕೊಟ್ಟಿಗೆ ನಟ್ಟನಡುವೆ ಸೈಲೇಜ್, ಅಂದ್ರೆ ಹುಳಿಬರಿಸಿದ ಹಸಿ ಮೇವು, ತುಂಬೋ ಗೋಪುರದಂಥ ಸೈಲೋನೇ ಇಟ್ಟುಬಿಟ್ರು. ಅಲ್ಲಿಂದ ಮೇವು ಕೆಳಗೆ ಹಾಕಿದ್ರೆ ಗೋದಲಿ ಅಲ್ಲೇ ಕೈಗೆಟಕೋ ದೂರ. 1910ರ ಹೊತ್ತಿಗೆ ಇಲಿನಾಯ್ ಯೂನಿವರ್ಸಿಟಿಯೋರೂ ಇದನ್ನೇ ಕಟ್ಟಿ ಅಂತ ಪ್ರಚಾರ ಮಾಡಿದ್ರು. ಲೆಕ್ಕ ನೀವೇ ಹಾಕಿ, 60 ಅಡಿ ಅಡ್ಡಗಲದ ದುಂಡು ಕೊಟ್ಟಿಗೆಗೆ ಸುಮಾರು 188 ಅಡಿ ಗೋಡೆ ಸಾಕು, ಅಷ್ಟೇ ಜಾಗಾನ 40 ಅಡಿ ಅಗಲದ ಉದ್ದನೆ ಕೊಟ್ಟಿಗೇಲಿ ಮಾಡಿದ್ರೆ 221 ಅಡಿ ಬೇಕು.

ಮತ್ತೆ ಯಾಕೆ ನಿಂತೋಯ್ತು ಅಂದ್ರೆ, ಉದ್ದನೆ ಕೊಟ್ಟಿಗೆಗೆ ಹಸು ಜಾಸ್ತಿ ಆದಾಗ ಇನ್ನೆರಡು ಅಂಕಣ ಸೇರಿಸಬಹುದು, ವೃತ್ತಾನ ಎಲ್ಲಿಂದ ಎಳೀತೀರಾ? ನಡುವೆ ಸೈಲೋ ನಿಂತಮೇಲೆ ಟ್ರಾಕ್ಟರ್ ತಿರುಗ್ಸೋಕೂ ಆಗಲ್ಲ, ಒಳಗೆ ಕತ್ತಲೆ ಬೇರೆ. ನನ್ನ ಪ್ರಕಾರ ಯಾವುದು ಅದರ ಜಾಣತನವೋ ಅದೇ ಅದಕ್ಕೆ ಮುಳುವಾಯ್ತು. 1920ರ ದಶಕ ಕಳೆದ್ಮೇಲೆ ಹೊಸದು ಕಟ್ಟಿದ್ದು ತೀರಾ ಕಮ್ಮಿ.

ನೀವು ನೋಡಿದ್ದು 1898ರದ್ದು. ಹಸಿ ಓಕ್ ಹಲಗೇನ ನೀರಲ್ಲಿ ನೆನೆಸಿ ಬಗ್ಗಿಸಿ ಮಾಡಿದ್ದು. 1988ರಲ್ಲಿ ಚಾವಣಿ ಕುಸಿದಿತ್ತು, ಆಮೇಲೆ ರಿಪೇರಿ ಮಾಡಿದ್ರು. ಮುಂದಿನ ಸಲ ಹೋದ್ರೆ ಅಟ್ಟ ಹತ್ತಿ ನೋಡಿ: ಕಟ್ಟುವಾಗ ಕೆಲಸಕ್ಕಿದ್ದ ಮೂರು ಜನ ಹುಡುಗ್ರು, ಅಲ್ಲಿ ಡಾನ್ಸ್ ಮಾಡೋಕೆ ಒಳ್ಳೇ ಮರದ ನೆಲಾನೇ ಹಾಕಿಸಿ, ಎಕ್ಸ್‌ಟ್ರಾ ದುಡ್ಡು ನಾವು ಕೊಡ್ತೀವಿ ಅಂತ ಮಾಲೀಕನ್ನ ಒಪ್ಪಿಸಿದ್ರಂತೆ.