ಶುಗರ್ ಗಾಯಕ್ಕೆ ರಾಯಚೂರಿನ ಸರಕಾರಿ ಆಸ್ಪತ್ರೆ ಸಾಕಾ? ಅವ್ವನ ಮಂಚದ ಪಕ್ಕ ಕೂತು ಕಂಡದ್ದು

ತಂದೆಯವರಿಗೆ ಶುಗರ್ ಇದೆ, ಕಾಲಿನ ಗಾಯ ತಿಂಗಳಾದರೂ ಮಾಯುತ್ತಿಲ್ಲ, ರಾಯಚೂರಿನ ಸರಕಾರಿ ಆಸ್ಪತ್ರೆಗೆ ಸೇರಿಸಿದರೆ ಸರಿಯಾಗಿ ನೋಡಿಕೊಳ್ಳುತ್ತಾರಾ ಅಥವಾ ಸಾಲ ಮಾಡಿಯಾದರೂ ಹೈದರಾಬಾದಿಗೆ ಹೋಗಬೇಕಾ ಅಂತ ಕೇಳಿದ್ದೀರಿ.

ಸೇರಿಸಿ. ಮೊದಲು ರಿಮ್ಸ್‌ಗೆ, ಅಂದರೆ ರಾಯಚೂರಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಶುಗರ್ ಗಾಯ ಅಲ್ಲಿನ ಸರ್ಜರಿ ವಾರ್ಡಿನವರಿಗೆ ಹೊಸದಲ್ಲ. ನಮ್ಮ ಕಡೆ ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರೇ ಜಾಸ್ತಿ. ಸಿಂಧನೂರು, ಮಾನ್ವಿ ಕಡೆಯಿಂದ ಇಂಥ ಕಾಲು ಹಿಡಿದುಕೊಂಡು ಬರುವವರಿಗೆ ಕೊನೆಯೇ ಇಲ್ಲ. ದಿನಾ ಇದನ್ನೇ ನೋಡುವ ಕೈ ಅದು. ನನ್ನ ಅವ್ವನ ಕಾಲು ಉಳಿದದ್ದು ಅಲ್ಲೇ.

ಅವ್ವನ ಕಾಲಿಗೆ ಬಳ್ಳಾರಿ ಜಾಲಿ ಮುಳ್ಳು ಚುಚ್ಚಿತ್ತು. ಚುಚ್ಚಿದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರ ಸತ್ತ ಹಾಗೆ ಆಗುತ್ತದೆ, ಮುಳ್ಳು, ಬಿಸಿ, ಚಪ್ಪಲಿ ಕಚ್ಚಿದ್ದು ಯಾವುದೂ ತಿಳಿಯುವುದಿಲ್ಲ. ನೋವಿಲ್ಲ ಅಂದರೆ ಗಾಯ ದೊಡ್ಡದಲ್ಲ ಅಂತ ಮನೆಯವರೂ ಸುಮ್ನೆ ಇರುತ್ತಾರೆ. ಊರಿನ ಆರ್‌ಎಂಪಿ (ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರು) ಹತ್ತಿರ ಪಟ್ಟಿ ಕಟ್ಟಿಸುತ್ತಾ ಇರುವಾಗಲೇ ಬೆರಳು ಕಪ್ಪಾಯಿತು.

ಮೊದಲು ಹೋಗಿದ್ದು ಒಂದು ಖಾಸಗಿ ನರ್ಸಿಂಗ್ ಹೋಮಿಗೆ. ಹಾಸಿಗೆ ಚೊಕ್ಕ, ಫ್ಯಾನ್ ಚೊಕ್ಕ. ಆದರೆ ಡಾಕ್ಟರು ಕಾರಿಡಾರಿನಲ್ಲಿ ನಿಂತು ನಮ್ಮ ಅಣ್ಣನಿಗೆ "ಮೊಣಕಾಲ ಕೆಳಗೆ ತೆಗೀಬೇಕಾಗ್ತದ, ಅಡ್ವಾನ್ಸ್ ಕಟ್ರಿ" ಅಂದು ಮುಂದೆ ಹೋದರು. ಅವ್ವನ ಮಂಚದ ಹತ್ತಿರ ಬರಲಿಲ್ಲ. ಯಾಕೆ ಅಷ್ಟು ಮೇಲಿನ ತನಕ ತೆಗೆಯಬೇಕು, ಬೇರೆ ದಾರಿ ಇದೆಯಾ ಅಂತ ಕೇಳಿದರೆ ಉತ್ತರ ಇಲ್ಲ. ಬಿಲ್ ಕೇಳಿದರೆ ಒಂದು ಚೀಟಿ ಮೇಲೆ ಒಟ್ಟು ಮೊತ್ತ ಅಷ್ಟೇ. ಅಲ್ಲಿಂದ ಹೊರಬಂದೆವು.

ರಿಮ್ಸ್‌ನಲ್ಲಿ ಮೊದಲು ಮಾಡಿದ ಕೆಲಸ ಕತ್ತರಿಸುವುದಲ್ಲ, ನೋಡುವುದು. ಪಾದದಲ್ಲಿ ನಾಡಿ ಬಡಿಯುತ್ತಿದೆಯಾ ಅಂತ ಬೆರಳಿಟ್ಟು ನೋಡಿದರು. ಎಕ್ಸ್‌ರೇ ತೆಗೆದು ಕೊಳೆತದ್ದು ಎಲುಬಿಗೆ ಇಳಿದಿದೆಯಾ ಅಂತ ಪರೀಕ್ಷಿಸಿದರು. ರಕ್ತ ಕಾಲಿನ ತುದಿಯವರೆಗೆ ಹೋಗುತ್ತಿದೆಯಾ ಅಂತ ತಿಳಿಯಲು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಕೀವು ತೆಗೆದು ಕಲ್ಚರ್‌ಗೆ ಕಳಿಸಿದರು. ಯಾವ ಆಂಟಿಬಯಾಟಿಕ್ ಆ ಸೋಂಕಿಗೆ ನಾಟುತ್ತದೆ ಅಂತ ಅದರಲ್ಲೇ ಗೊತ್ತಾಗೋದು. ಮಾತ್ರೆ ನಿಲ್ಲಿಸಿ ಇನ್ಸುಲಿನ್ ಶುರು ಮಾಡಿದರು. ನಿಮ್ಮ ತಂದೆಯವರಿಗೂ ಇಷ್ಟು ಆಗಬೇಕು. ರಕ್ತ ಓಡಾಟ ಚೆನ್ನಾಗಿದ್ದರೆ ಸತ್ತ ಭಾಗವನ್ನಷ್ಟೇ ತೆಗೆದು, ದಿನಾ ಡ್ರೆಸ್ಸಿಂಗ್ ಮಾಡಿ ಕಾಲು ಉಳಿಸಿಕೊಳ್ಳುವ ದಾರಿ ಇರುತ್ತದೆ. ರಕ್ತನಾಳವೇ ಕಟ್ಟಿಕೊಂಡಿದ್ದರೆ ಮಾತು ಬೇರೆ, ಆಗ ರಕ್ತನಾಳದ ಸರ್ಜನ್ ನೋಡಬೇಕು, ಬೇರೆ ಊರಿಗೆ ಕಳಿಸಬಹುದು. ಇದು ತಿಳಿಯುವ ಮೊದಲೇ ಹೈದರಾಬಾದಿನ ಬಸ್ಸು ಹತ್ತಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಮಂಚದ ಮೇಲಿರುವವರಿಗೆ ಏನು ನಡೆಯುತ್ತಿದೆ ಅಂತ ಗೊತ್ತೇ ಇರುವುದಿಲ್ಲ. ಬೆಳಿಗ್ಗೆ ರೌಂಡ್ಸ್ ಬರುತ್ತದೆ. ಮುಂದೆ ದೊಡ್ಡ ಡಾಕ್ಟರು, ಹಿಂದೆ ಪಿಜಿಗಳು (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರು), ಅವರ ಹಿಂದೆ ಹೌಸ್ ಸರ್ಜನ್ನರು (ಎಂಬಿಬಿಎಸ್ ಕೊನೆಗೆ ತರಬೇತಿಯಲ್ಲಿರುವವರು). ಕೇಸ್ ಶೀಟ್ ತೆಗೆಯುತ್ತಾರೆ, ಇಂಗ್ಲಿಷಿನಲ್ಲಿ ನಾಲ್ಕು ಮಾತು, ಮುಂದಿನ ಮಂಚ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬೊಬ್ಬರ ತಲೆ ಮೇಲೆ ಎಷ್ಟು ಮಂಚ ಇರುತ್ತವೆ ಅಂತ ಅಲ್ಲಿ ರಾತ್ರಿ ಕೂತವರಿಗೆ ಗೊತ್ತು. ಆದರೆ ಮಲಗಿದ ಮನುಷ್ಯ ಆ ನಾಲ್ಕು ಮಾತಿನಲ್ಲಿ ತನ್ನ ಹಣೆಬರಹ ಹುಡುಕುತ್ತಾ ಇಡೀ ದಿನ ಕಳೆಯುತ್ತಾನೆ.

ಪಕ್ಕದ ಮಂಚದಲ್ಲಿ ದೇವದುರ್ಗ ಕಡೆಯ ಒಬ್ಬ ಹಿರಿಯರಿದ್ದರು. ಅವರದೂ ಇದೇ ಗಾಯ. ಡಾಕ್ಟರು ಬೆರಳು ತೆಗೆಯುವ ವಿಷಯ ಮಗನಿಗೆ ಹೇಳಿ ಸಹಿ ತೆಗೆದುಕೊಂಡಿದ್ದರು. ಮನೆಯವರು ಅವರಿಗೆ ಹೇಳಿದ್ದು "ಸ್ವಚ್ಛ ಮಾಡ್ತಾರ, ಅಷ್ಟ" ಅಂತ. ಆಪರೇಷನ್ ಮುಗಿದ ಮೇಲೆ ಪಟ್ಟಿ ಬಿಚ್ಚಿದಾಗ ಅವರು ತಮ್ಮ ಪಾದ ನೋಡಿಕೊಂಡರು. ಆಮೇಲೆ ಮಗ ತಂದ ರೊಟ್ಟಿ ಮುಟ್ಟಲಿಲ್ಲ, ಇನ್ಸುಲಿನ್ ಚುಚ್ಚಲು ಸಿಸ್ಟರ್ ಬಂದರೆ ಕೈ ಎಳೆದುಕೊಂಡರು. "ನನಗ ಒಂದು ಮಾತು ಹೇಳಿದ್ರ ಬ್ಯಾಡ ಅಂತಿದ್ನೇನು?" ಅಂತ ನನ್ನ ಅವ್ವನ ಹತ್ತಿರ ಕೇಳಿದರು. ಮಗ ಕೆಟ್ಟವನಲ್ಲ, ಹೆದರಿದ್ದ. ಆದರೂ ಆ ಪ್ರಶ್ನೆ ನನ್ನ ಎದೆಯಲ್ಲಿ ಇವತ್ತಿಗೂ ಕೂತಿದೆ.

ಅವ್ವನಿಗೆ ಹೀಗಾಗಲಿಲ್ಲ, ಅದಕ್ಕೆ ಕಾರಣ ಒಬ್ಬ ಹೌಸ್ ಸರ್ಜನ್ ಹುಡುಗಿ. ರೌಂಡ್ಸ್ ಮುಗಿದ ಮೇಲೆ ವಾಪಸ್ ಬಂದಳು. ಮಂಚದ ತುದಿಗೆ ಕೂತಳು. ಹಳೇ ಲ್ಯಾಬ್ ಚೀಟಿಯ ಹಿಂದೆ ಪೆನ್ನಿನಲ್ಲಿ ಪಾದದ ಚಿತ್ರ ಬರೆದಳು. "ಅವ್ವಾ, ಕಾಲು ತೆಗೆಯಂಗಿಲ್ಲ. ಈ ಬೆರಳು ಸತ್ತೈತಿ, ಇದನ್ನಷ್ಟ ತೆಗಿತೀವಿ. ಬಿಟ್ರ ವಿಷ ಮ್ಯಾಲ ಏರ್ತದ. ಆಮ್ಯಾಲ ದಿನಾ ಡ್ರೆಸ್ಸಿಂಗ್, ಭಾಳ ದಿನ ಹಿಡಿತದ. ಆದ್ರ ನೀ ನಡಿತಿ." ಅವ್ವ ಒಂದೇ ಪ್ರಶ್ನೆ ಕೇಳಿದಳು: "ಜೋಳದ ಹೊಲಕ್ಕ ಹೋಗಬಹುದಾ?" ಹುಡುಗಿ ಪೊಳ್ಳು ಭರವಸೆ ಕೊಡಲಿಲ್ಲ. "ಗಾಯ ಪೂರಾ ಮಾಯೋ ತನಕ ಇಲ್ಲ. ಆಮ್ಯಾಲ ಮೆತ್ತನ ಚಪ್ಪಲಿ ಹಾಕ್ಕೊಂಡು ಹೋಗು" ಅಂದಳು. ಅವತ್ತು ರಾತ್ರಿ ಅವ್ವ ನಿದ್ದೆ ಮಾಡಿದಳು.

ಆ ಹುಡುಗಿ ಲಿಂಗಸುಗೂರು ಕಡೆಯವಳು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಇಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ 70% ಸೀಟು ಇಲ್ಲಿಯವರಿಗೇ ಮೀಸಲು. 2007ರಲ್ಲಿ ರಿಮ್ಸ್ ಶುರುವಾದಾಗ ಈ ಅನುಕೂಲ ಇರಲಿಲ್ಲ. ಈಗ ವಾರ್ಡಿನಲ್ಲಿ ನಮ್ಮ ಊರುಗಳ ಮಕ್ಕಳೇ ಬಿಳಿ ಕೋಟು ಹಾಕಿ ಓಡಾಡುತ್ತಾರೆ. ಮೀಸಲಾತಿಯಿಂದ ಏನು ಬಂತು ಅಂತ ಕೇಳುವವರು ಒಮ್ಮೆ ಅಲ್ಲಿ ಕೂತು ನೋಡಲಿ. ರೋಗಿ ಆಡುವ ಮಾತು ಡಾಕ್ಟರಿಗೆ ನೇರವಾಗಿ ತಿಳಿಯುವುದು ಸಣ್ಣ ವಿಷಯ ಅಲ್ಲ.

ನಿಮ್ಮ ತಂದೆಯವರಿಗೆ ಅಂಥ ಹುಡುಗಿ ಸಿಗದೇ ಹೋಗಬಹುದು. ಹಾಗಾಗಿ ನೀವೇ ಕೇಳಿ. ರೌಂಡ್ಸ್ ನಡುವೆ ದೊಡ್ಡ ಡಾಕ್ಟರನ್ನು ತಡೆಯಬೇಡಿ. ಮುಗಿದ ಮೇಲೆ ಪಿಜಿ ಅಥವಾ ಹೌಸ್ ಸರ್ಜನ್ ಹತ್ತಿರ ಹೋಗಿ. "ಸರ, ನಮ್ಮಪ್ಪಾರ ಮುಂದನ ಒಂದೀಟು ಹೇಳ್ರಿ" ಅಂತ ಕೇಳಿ. ಅವರ ಮುಂದೆಯೇ ಹೇಳಿಸುವುದು ಮುಖ್ಯ. ಇವತ್ತು ಏನು ಮಾಡುತ್ತೀರಿ, ಯಾಕೆ, ಎಷ್ಟು ಭಾಗ ತೆಗೆಯುತ್ತೀರಿ, ಇಷ್ಟು ಕೇಳಿದರೆ ಸಾಕು. ಸಹಿ ಹಾಕುವ ಕಾಗದವನ್ನು ಓದಿಸಿಕೊಂಡೇ ಹಾಕಿ. ಅವರಿಗೆ ಪ್ರಜ್ಞೆ, ತಿಳಿವಳಿಕೆ ಇರುವಾಗ ಸಹಿ ಹಾಕುವ ಹಕ್ಕು ಅವರದೇ, ನಿಮ್ಮದಲ್ಲ.

ವಾರ್ಡಿನ ಪದ್ಧತಿ ಒಂದು ತಿಳಿದಿರಲಿ. ಸರ್ಜರಿ ವಿಭಾಗದಲ್ಲಿ ಯೂನಿಟ್‌ಗಳಿರುತ್ತವೆ. ತಂದೆಯವರು ಯಾವ ಯೂನಿಟ್‌ಗೆ ಸೇರಿದರು ಅಂತ ಕೇಸ್ ಶೀಟ್ ಮೇಲೆ ಇರುತ್ತದೆ. ಬಿಡುಗಡೆ ಆದ ಮೇಲೆ ತೋರಿಸಲು ಆ ಯೂನಿಟ್ಟಿನ ಓಪಿಡಿ ದಿನವೇ ಬನ್ನಿ. ಬೇರೆ ದಿನ ಬಂದರೆ ಹೊಸ ಡಾಕ್ಟರು, ಮತ್ತೆ ಮೊದಲಿನಿಂದ ಕಥೆ.

ಜನ ಹೆದರುವುದು ಮಂದಿಗೆ, ಗಲೀಜಿಗೆ. ಮಂದಿ ಇರುತ್ತದೆ, ಅದನ್ನು ಮುಚ್ಚಿಟ್ಟು ಹೇಳಲಾರೆ. ಒಬ್ಬ ರೋಗಿಗೆ ನಾಲ್ಕು ಜನ ಬಂದರೆ ಇನ್ನೂ ಜಾಸ್ತಿ ಆಗುತ್ತದೆ. ಹೊದಿಯಲು ಒಂದು ಚಾದರ, ಕುಡಿಯುವ ನೀರಿನ ಬಾಟಲಿ, ಬೇಸಿಗೆಯಾದರೆ ಸಣ್ಣ ಟೇಬಲ್ ಫ್ಯಾನ್ ಒಯ್ಯಿರಿ. ನಮ್ಮ ಬಿಸಿಲು ಗೊತ್ತಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) 30% ಸರಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಒಳಗೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಮೊದಲ ದಿನವೇ ಒಯ್ದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಕೌಂಟರಿನಲ್ಲಿ ತೋರಿಸಿ. ಇಲ್ಲಿ ಬಹಳ ಜನ ಸಿಕ್ಕಿಬೀಳುವ ಜಾಗ ಒಂದಿದೆ. ವಾರ್ಡಿನ ಬೇಸರಕ್ಕೆ ಡಾಕ್ಟರ ಮಾತು ಮೀರಿ ಸಹಿ ಹಾಕಿ ಹೊರಟುಬಿಡುತ್ತಾರೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ಇಡುತ್ತಾರೆ. ಅಲ್ಲಿ ರೆಫರಲ್ ಪತ್ರ ಕೇಳುತ್ತಾರೆ. ತುರ್ತು ಸಂದರ್ಭ ಬಿಟ್ಟರೆ ಸರಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಯೋಜನೆ ನಡೆಯುವುದಿಲ್ಲ. ಪಕ್ಕದ ವಾರ್ಡಿನ ಒಂದು ಕುಟುಂಬ ಇದೇ ಕಾರಣಕ್ಕೆ ಎತ್ತು ಮಾರಿತು. ಬೇರೆ ಕಡೆ ಹೋಗಲೇಬೇಕು ಅನಿಸಿದರೆ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ, ಪತ್ರ ಬರೆಸಿಕೊಂಡೇ ಹೊರಡಿ.

ಖಾಸಗಿಗೆ ಹೋದರೂ ನಿಮಗೆ ಹಕ್ಕುಗಳಿವೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯಿತು. ತುರ್ತಿನಲ್ಲಿ ಬಂದವರಿಗೆ ಅಡ್ವಾನ್ಸ್ ಕೇಳದೆ ಮೊದಲು ಚಿಕಿತ್ಸೆ ಕೊಡಬೇಕು. ಬಾಕಿ ಇದೆ ಅಂತ ಹೆಣ ತಡೆಹಿಡಿಯುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ನಿಮ್ಮ ಕೇಸಿನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಿಯಮದಲ್ಲೇ ಇದೆ. ನಮಗೆ ಈ ದಾರಿಗಳು ಆಗ ಗೊತ್ತಿದ್ದರೆ ಆ ಒಟ್ಟು ಮೊತ್ತದ ಚೀಟಿಯನ್ನು ಸುಮ್ನೆ ಬಿಡುತ್ತಿರಲಿಲ್ಲ.

ಟ್ರಾಲಿ ತಳ್ಳಲು, ಡ್ರೆಸ್ಸಿಂಗ್ ಮಾಡಲು ಯಾರಾದರೂ ಕೈ ಚಾಚಿದರೆ ಕೊಡಬೇಡಿ. ಬೇರೆ ಒಂದು ಊರಿನ ಆಸ್ಪತ್ರೆಯಲ್ಲಿ ನಮ್ಮ ಅತ್ತೆಯ ಹೆರಿಗೆಯಾದ ಮಗಳ ಮುಂದೆ ಹೀಗೆ ಕೈ ಚಾಚಿದ್ದನ್ನು ಕಂಡು ಹೊಟ್ಟೆ ಉರಿದಿತ್ತು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಹತ್ತಿರ ಬರೆದುಕೊಡಿ, ಆರೋಗ್ಯ ಸಹಾಯವಾಣಿ 104ಕ್ಕೂ ಫೋನ್ ಮಾಡಬಹುದು.

ಹೈದರಾಬಾದಿನ ಆಸೆ ನನಗೂ ಅರ್ಥ ಆಗುತ್ತದೆ. ರಾಯಚೂರಿಗೆ ಏಮ್ಸ್ (ಕೇಂದ್ರ ಸರಕಾರದ ದೊಡ್ಡ ಆಸ್ಪತ್ರೆ) ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಸುಮಾರು 200 ಕಿಲೋಮೀಟರ್ ದೂರ ರೋಗಿಯನ್ನು ಮಲಗಿಸಿಕೊಂಡು ಹೋಗುವ ಕಷ್ಟ ಗೊತ್ತಿದ್ದವರೇ ಅಲ್ಲಿ ಕೂತದ್ದು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಶುಗರ್ ಗಾಯಕ್ಕೆ ಬೇಕಾಗುವುದು ದಿನದಿನದ ಡ್ರೆಸ್ಸಿಂಗ್, ಹಿಡಿತದಲ್ಲಿರುವ ಶುಗರ್, ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಇದಕ್ಕೆ ಮನೆಗೆ ಹತ್ತಿರದ ಆಸ್ಪತ್ರೆಯೇ ಒಳ್ಳೆಯದು. ದೂರ ಹೋದವರು ಎರಡನೇ ಡ್ರೆಸ್ಸಿಂಗಿಗೆ ಹೋಗುವುದನ್ನೇ ಬಿಡುತ್ತಾರೆ, ಅಲ್ವಾ?

ಒಂದು ವಿಷಯ ನೀವು ಬರೆದಿಲ್ಲ. ಗಾಯದ ಸುತ್ತ ಕಪ್ಪಾಗಿದೆಯಾ? ವಾಸನೆ ಬರುತ್ತಿದೆಯಾ? ಜ್ವರ, ನಡುಕ, ಕಾಲು ಮೇಲಕ್ಕೆ ಕೆಂಪಾಗಿ ಊದುವುದು ಇದೆಯಾ? ಇದರಲ್ಲಿ ಒಂದಿದ್ದರೂ ಓಪಿಡಿ ದಿನಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಆ ಕಾಲನ್ನು ನೆಲಕ್ಕೆ ಊರಿಸಬೇಡಿ. ಬಿಸಿನೀರಿನಲ್ಲಿ ಇಡಿಸಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಡಾಪ್ಲರ್ ರಿಪೋರ್ಟ್ ಬಂದ ಮೇಲೆ ಏನು ಹೇಳಿದರು ಅಂತ ಇಲ್ಲಿ ಬರೆಯಿರಿ, ಮುಂದೆ ಏನು ಕೇಳಬೇಕು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.