ಮೀನಿನ ರೆಕ್ಕೆಯ ತುದಿ ಕತ್ತರಿಸಲು ಅನುಮತಿ ಯಾಕೆ?

ಪ್ರಶ್ನೆ: ಮೇಡಂ, ನಮ್ಮ ಮನೆ ವಾಲ್ನೂರಿನಲ್ಲಿ, ಕಾವೇರಿ ದಡದಲ್ಲೇ. ಕಳೆದ ಫೆಬ್ರವರಿಯಲ್ಲಿ ನಾಲ್ಕು ಜನ ಬಂದು ಬಲೆ ಹಾಕಿ ಮಹಶೀರ್ ಹಿಡಿದರು. ರೆಕ್ಕೆ ಕತ್ತರಿಸಿ ಬಾಟಲಿಗೆ ಹಾಕಿಕೊಂಡು ಹೋದರು. ಕೇಳಿದರೆ ‘ಸಂಶೋಧನೆ, ಪರ್ಮಿಷನ್ ಇದೆ’ ಅಂದರು. ನಾವು ಗಾಳ ಹಿಡಿದರೆ ಮಾತ್ರ ತಪ್ಪಾ? ಅಳಿದು ಹೋಗುತ್ತಿರುವ ಮೀನನ್ನು ಮುಟ್ಟಲು ಯಾಕೆ ಬಿಡುತ್ತಾರೆ?
– ಓದುಗರೊಬ್ಬರು, ವಾಲ್ನೂರು

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ನಾನೂ ಇಂಥ ಒಂದು ತಂಡದ ಜೊತೆ ಹೊಳೆಗೆ ಇಳಿದಿದ್ದೇನೆ. ಮೊದಲ ಸಲ ಕತ್ತರಿ ನೋಡಿದಾಗ ನನ್ನ ಎದೆಯೂ ಧಸಕ್ ಅಂದಿತ್ತು.

ಅವತ್ತು ಕಂಡದ್ದನ್ನು ಹೇಳುತ್ತೇನೆ. ಮೀನನ್ನು ನೀರಿನಿಂದ ಪೂರ್ತಿ ಎತ್ತಲಿಲ್ಲ. ಒದ್ದೆ ಬಟ್ಟೆಯ ಜೋಲಿಯಲ್ಲಿ, ತಲೆ ಹರಿವಿಗೆ ಎದುರಾಗಿ ಇರುವಂತೆ ಹಿಡಿದುಕೊಂಡರು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಂಡರು. ಒಣ ಕೈ ತಾಗಿದರೆ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ, ಅಲ್ಲಿಂದ ಸೋಂಕು ಹತ್ತುತ್ತದೆ. ಕತ್ತರಿಸಿದ್ದು ಕಿರುಬೆರಳಿನ ಉಗುರಿನಷ್ಟು ತುಂಡು. ಅದು ಸ್ಪಿರಿಟ್ ಇದ್ದ ಪುಟ್ಟ ಸೀಸೆಗೆ ಹೋಯಿತು. ಕಿವಿರು ಒಂದೇ ಸಮ ಆಡುತ್ತಿತ್ತು. ಬಟ್ಟೆ ಸಡಿಲ ಮಾಡಿದ್ದೇ ತಡ, ಬಾಲ ಒಮ್ಮೆ ಬಡಿದು ಆಳಕ್ಕೆ ಹೋಯಿತು. ನನ್ನ ಮುಖದ ತುಂಬಾ ನೀರು. ಆ ತುಂಡು ಮತ್ತೆ ಬೆಳೆಯುತ್ತದೆ.

ಇಷ್ಟೆಲ್ಲ ಯಾಕೆ ಬೇಕು? ಕಿತ್ತಳೆ ಬಣ್ಣದ ರೆಕ್ಕೆ, ಗೂನು ಬೆನ್ನಿನ ಆ ದೊಡ್ಡ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 50 ಕಿಲೋ ದಾಟಿದ ಮೀನು ಸಿಕ್ಕ ದಾಖಲೆ 1946ರಲ್ಲೇ ಇದೆ. ಆದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಅಂತ ಇರಲೇ ಇಲ್ಲ! ಕೊನೆಗೆ ಕಾವೇರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕಿ, ಟಾರ್ ರೆಮಾದೇವಿ ಅಂತ ಮೊದಲೇ ಹೆಸರು ಪಡೆದಿದ್ದ ಮೀನೂ ಇದೂ ಒಂದೇ ಎಂದು ಗೊತ್ತಾದದ್ದು 2018ರಲ್ಲಿ. ಮೀನು ಹಿಡಿದು, ಅಳೆದು, ಇಂಥ ರೆಕ್ಕೆಯ ತುಂಡಿನ ಡಿಎನ್ಎ ನೋಡಿದ್ದರಿಂದ. ಹೆಸರು ಇಲ್ಲದ ಮೀನನ್ನು ಅಳಿವಿನ ಪಟ್ಟಿಗೆ ಸೇರಿಸುವುದು ಹೇಗೆ? ಹೆಸರು ಖಚಿತವಾದ ಅದೇ ವರ್ಷ, ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಜಾಗತಿಕ ಸಂಸ್ಥೆ ಐಯುಸಿಎನ್ ಅದನ್ನು ‘ಅತ್ಯಂತ ಅಪಾಯದಲ್ಲಿರುವ’ ಜೀವಿ ಎಂದು ಪಟ್ಟಿ ಮಾಡಿತು. ಈಗ ನೀರು ಸೋಸಿ ಡಿಎನ್ಎ ನೋಡಿಯೂ ಮೀನು ಇದೆಯಾ ಎಂದು ಹೇಳಬಹುದು, ಮೀನು ಮುಟ್ಟುವ ಕೆಲಸವೇ ಇಲ್ಲ. ಆದರೆ ಅದರ ಗಾತ್ರ ಎಷ್ಟು, ವಯಸ್ಸು ಎಷ್ಟು ಅನ್ನುವುದು ನೀರಿನಲ್ಲಿ ಕಾಣುವುದಿಲ್ಲ.

ಹಾಗಂತ ಯಾರು ಬೇಕಾದರೂ ಬಲೆ ಹಾಕಲಿ ಅನ್ನುವವಳಲ್ಲ ನಾನು. ಅಭಯಾರಣ್ಯದೊಳಗೆ ಸಂಶೋಧನೆಗೆ ಹೋಗಬೇಕಾದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆ ಪತ್ರದಲ್ಲಿ ಎಷ್ಟು ಮೀನು, ಯಾವ ಜಾಗ, ಯಾವ ತಿಂಗಳು ಎಂದು ಸ್ಪಷ್ಟವಾಗಿ ಇರಬೇಕು ಅನ್ನುವುದು ನನ್ನ ಹಟ. ಮಳೆಗಾಲದಲ್ಲಿ ಮಹಶೀರ್ ಮೊಟ್ಟೆ ಇಡಲು ಮೇಲಕ್ಕೆ ಹತ್ತುತ್ತದೆ. ಆಗ ಬಲೆ ಬೇಡವೇ ಬೇಡ. ಇನ್ನೊಂದು ಮಾತು, ದಡದಲ್ಲಿ ಬದುಕುವ ನಿಮಗೆ ಮೊದಲೇ ತಿಳಿಸದೆ ಇಳಿದದ್ದು ಅವರ ತಪ್ಪೇ. ಮತ್ತೆ ಬಂದರೆ ಪತ್ರ ತೋರಿಸಿ ಅನ್ನಿ. ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕೊನೆಗೆ ಏನು ಕಂಡುಕೊಂಡರು ಅನ್ನುವುದನ್ನೂ ಕನ್ನಡದಲ್ಲಿ ಬರೆದು ಪಂಚಾಯಿತಿಗೆ ಕೊಡಲಿ.

ಅನುಮತಿ ಸುಮ್ನೆ ತಡವಾದರೂ ನಷ್ಟವೇ. ನನ್ನ ವಿದ್ಯಾರ್ಥಿನಿಯೊಬ್ಬಳು ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದ್ದಳು. ಬೇಸಿಗೆಯಲ್ಲಿ ನೀರು ಇಳಿದು ಗುಂಡಿಗಳು ತಿಳಿಯಾಗಿರುವಾಗ ಮೀನು ಎಣಿಸಬೇಕಿತ್ತು. ಪತ್ರ ಕೈಗೆ ಬಂದದ್ದು ಜೂನ್ ಎರಡನೇ ವಾರ. ಅಷ್ಟರಲ್ಲಿ ಹೊಳೆ ಕೆಂಪಾಗಿ ತೋಟದ ಅಂಚಿಗೆ ಬಂದಿತ್ತು. ಆ ವರ್ಷದ ಲೆಕ್ಕ ಹೋಯಿತು. ಆದರೆ ತೋಟೆ ಸಿಡಿಸಿ ಮರಿ, ಮುದಿ ಅನ್ನದೆ ಕೊಲ್ಲುವವರು ಯಾವ ಪತ್ರಕ್ಕೂ ಕಾಯುವುದಿಲ್ಲ, ಅಲ್ವಾ? ನಿಮ್ಮ ಸಿಟ್ಟು ಅವರ ಮೇಲೆ ಜಾಸ್ತಿ ಇರಲಿ.

ಪ್ರಶ್ನೆ: ಹಾರಂಗಿಯಲ್ಲಿ ಮಹಶೀರ್ ಮರಿ ಮಾಡುತ್ತಾರಲ್ಲ, ತಂದು ನಮ್ಮೂರ ಹೊಳೆಗೆ ಬಿಟ್ಟರೆ ಆಗದಾ?
– ಓದುಗರು, ಸಿದ್ದಾಪುರ

ಉತ್ತರ: ಮಹಶೀರ್ ಅಂದರೆ ಒಂದೇ ಜಾತಿಯಲ್ಲ. ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಹೊರಗಿನಿಂದ ತಂದು ಕಾವೇರಿಗೆ ಬಿಟ್ಟಿದ್ದರು. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳ ಹಾಕಿ, ಹಿಡಿದು ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ, ನೀಲಿ ರೆಕ್ಕೆಯದು ಏರುತ್ತಾ ಹೋಗಿದೆ, ನಮ್ಮ ಗೂನು ಬೆನ್ನಿನದು ಇಳಿಯುತ್ತಾ ಹೋಗಿದೆ. ನೀವಾಗಿ ತಂದು ಬಿಡಬೇಡಿ. ಇಲಾಖೆಯವರೇ ಬಿಡಲು ಬಂದರೂ, ಇದು ಯಾವ ಜಾತಿ, ತಾಯಿ ಮೀನು ಯಾವ ಹೊಳೆಯದು ಎಂದು ಮೊದಲು ಕೇಳಿ.